ಕೋಲುಮಂಡೆ ಹಾಡೂ ಕಂಸಾಳೆಯವರ ಪಾಲೂ

ತುಟ್ಟಿಭತ್ಯೆ, ಬೋನಸ್ಸು, ಅಕ್ಕಿಯ ಧಾರಣೆ, ಸಂತೆಯ ಸುಂಕ ಇವುಗಳನ್ನು ಕುರಿತು ಬರೆಯಬೇಕಾದ ಜಾಗದಲ್ಲಿ ಒಂದು ಹಾಡಿನ ವಿಚಾರವೇ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಹಾಡೂ ಈಗ ಸರಕು. ಅದನ್ನು ಹುಟ್ಟಿಸಿದವರು ಬೇರೆ, ಮಾರುವವರು ಬೇರೆ, ಲಾಭ ಎಣಿಸುವವರು ಮತ್ತೂ ಬೇರೆ. ನೂಲಿನ ಲೆಕ್ಕ ತಿಳಿದ ಕಾರ್ಮಿಕನಿಗೂ ಉದ್ದರಿಯ ಲೆಕ್ಕ ತಿಳಿದ ಅಂಗಡಿಕಾರನಿಗೂ ಈ ಲೆಕ್ಕ ತಿಳಿಯದೆ ಇರಲಾರದು. ತಿಳಿಯಬೇಕಾದ ಕಾಲವೂ ಬಂದಿದೆ. ಏಕೆಂದರೆ ಹಾಡು ಕಟ್ಟುವ ಹುಡುಗರು ಈಗ ನಮ್ಮ ಮನೆಗಳಲ್ಲೇ ಇದ್ದಾರೆ.

ದಾವಣಗೆರೆಯ ಮಂಡಿಪೇಟೆಯ ಮೂಲೆಯಲ್ಲೋ ಹರಿಹರದ ಬಸ್ ನಿಲ್ದಾಣದಲ್ಲೋ ಹತ್ತು ನಿಮಿಷ ನಿಂತವರಿಗೆ ಗೊತ್ತು: ತರುಣರ ಕೈಯ ಫೋನಿನಿಂದ ಒಂದು ಬಗೆಯ ಹಾಡು ಹೊರಡುತ್ತಿರುತ್ತದೆ. ರಾಗ ಕಡಿಮೆ, ಮಾತು ಹೆಚ್ಚು. ತಾಳ ಬಿದ್ದಂತೆಲ್ಲ ಪ್ರಾಸ ಬೀಳುತ್ತದೆ. ಇದಕ್ಕೆ ರ‍್ಯಾಪ್ ಎಂದು ಹೆಸರು. ಹಿರಿಯರು ಮೂಗು ಮುರಿಯುತ್ತಾರೆ; ನಾವು ಮುರಿಯುವುದಿಲ್ಲ. ದಪ್ಪಿನ ಪೆಟ್ಟಿಗೆ ಸರಿಯಾಗಿ ಮಾತು ಎಸೆದು, ಹರದೇಶಿ ನಾಗೇಶಿ ಎಂದು ಎರಡು ಪಕ್ಷವಾಗಿ, ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ಬೆಳಗಾಗುವ ತನಕ ಹಾಡಿನಲ್ಲೇ ವಾದ ಹೂಡಿದ ಗೀಗೀ ಮೇಳಗಳನ್ನು ಕಂಡ ಸೀಮೆಗೆ ಈ ವಿದ್ಯೆ ತೀರ ಹೊರಗಿನದಾಗಿ ಕಾಣಬೇಕಾದ್ದಿಲ್ಲ.

ಅದು ಹುಟ್ಟಿದ್ದೂ ಬಡವರ ಓಣಿಯಲ್ಲೇ. ೧೯೭೩ನೆಯ ಇಸವಿ ಆಗಸ್ಟ್ ೧೧ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಭಾಗದಲ್ಲಿ, ಜಮೈಕಾದಿಂದ ವಲಸೆ ಬಂದ ಮನೆಯ ಒಬ್ಬ ಹುಡುಗ, ಕೂಲ್ ಹರ್ಕ್ ಎಂದು ಹೆಸರಾದವನು, ತಾವಿದ್ದ ವಠಾರದ ಕೋಣೆಯಲ್ಲಿ ಎರಡು ಗ್ರಾಮಾಫೋನ್ ಇಟ್ಟುಕೊಂಡು ತಟ್ಟೆ ತಿರುಗಿಸಿದ. ಕೂಟವನ್ನು ಏರ್ಪಡಿಸಿದವಳು ಅವನ ತಂಗಿ. ಶಾಲೆ ತೆರೆಯುವ ಹೊತ್ತಿಗೆ ಹೊಸ ಬಟ್ಟೆಗೆ ಕಾಸು ಕೂಡಲೆಂದು. ಹುಡುಗಿಯರಿಗೆ ೨೫ ಸೆಂಟ್, ಹುಡುಗರಿಗೆ ೫೦ ಸೆಂಟ್ ಪ್ರವೇಶಧನ. ರ‍್ಯಾಪಿನ ಕಥೆ ಹೇಳುವವರೆಲ್ಲ ಆ ರಾತ್ರಿಯಿಂದ ಶುರುಮಾಡುತ್ತಾರೆ. ತಂಗಿಯ ಲಂಗದ ಖರ್ಚಿಗೆ ಹುಟ್ಟಿದ್ದು ಇಂದು ಕೋಟ್ಯಂತರ ಡಾಲರುಗಳ ವ್ಯಾಪಾರ.

ನಮ್ಮ ನಾಡಿನಲ್ಲಿ ಈ ಬಗೆಯ ಹಾಡಿಗೆ ಹೆಚ್ಚು ಹೆಸರು ತಂದವರಲ್ಲಿ ಹಾಸನ ಜಿಲ್ಲೆಯಿಂದ ಬಂದ ಶ್ರೀ ಚಂದನ್ ಶೆಟ್ಟಿಯವರು ಒಬ್ಬರು. ಸಿನಿಮಾಕ್ಕೆ ಪದ ಬರೆಯುತ್ತಿದ್ದ ಅವರನ್ನು ೨೦೧೬ರಲ್ಲಿ ‘ಥ್ರೀ ಪೆಗ್’ ಎಂಬ ಒಂದೇ ಹಾಡು ಊರೂರಿಗೂ ಮುಟ್ಟಿಸಿತು. ಹೆಸರೇ ಹೇಳುವಂತೆ ಅದು ಕುಡಿತದ ಹಾಡು. ಸಂಬಳದ ದಿನ ಸಂಜೆ ಗಲ್ಲದಂಗಡಿಯ ಮುಂದೆ ನಿಂತು ಗಂಡನಿಗಾಗಿ ಕಾಯುವ ಹೆಂಗಸರನ್ನು ನೋಡಿದ ನಮಗೆ ಆ ಹಾಡು ರುಚಿಸಲಿಲ್ಲವೆಂದು ಹೇಳಿ ಮುಂದೆ ಹೋಗುತ್ತೇವೆ. ಇಂದಿನ ಮಾತು ಅದಲ್ಲ, ೨೦೨೦ರ ‘ಕೋಲುಮಂಡೆ’.

ಆ ವರ್ಷ ಎಂಥದೆಂದು ಯಾರಿಗೂ ಜ್ಞಾಪಿಸಬೇಕಾಗಿಲ್ಲ. ಕೊರೋನಾದ ದೆಸೆಯಿಂದ ಆಗಸ್ಟ್ ತಿಂಗಳ ಗಣೇಶನ ಹಬ್ಬಕ್ಕೆ ಮೆರವಣಿಗೆ ಇರಲಿಲ್ಲ, ಗುಂಪು ಕೂಡುವಂತಿರಲಿಲ್ಲ. ಹಬ್ಬವೆಲ್ಲ ಫೋನಿನೊಳಕ್ಕೆ ಹೊಕ್ಕಿತ್ತು. ಆ ಹೊತ್ತಿಗೆ ಸರಿಯಾಗಿ ಶ್ರೀ ಚಂದನ್ ಶೆಟ್ಟಿಯವರು ಆನಂದ್ ಆಡಿಯೋ ಕಂಪೆನಿಯ ಮೂಲಕ ಈ ಹಾಡನ್ನು ಬಿಟ್ಟರು. ಸಿನಿಮಾದ ಹಂಗಿಲ್ಲದೆ ಒಂದೇ ಹಾಡನ್ನು ಹೀಗೆ ಹೊರತರುವುದಕ್ಕೆ ಸಿಂಗಲ್ ಎಂದು ಹೆಸರು. ಅದೂ ಹೊಸದೇನಲ್ಲ, ಅಜ್ಜಂದಿರ ಕಾಲದ ಗ್ರಾಮಾಫೋನ್ ತಟ್ಟೆಯ ಒಂದು ಮಗ್ಗುಲು ಮೂರು ಮೂರೂವರೆ ನಿಮಿಷದ ಒಂದೇ ಹಾಡನ್ನು ಹಿಡಿಯುತ್ತಿತ್ತು. ಹಾಡಿನ ಮೂಲ ಮಾತ್ರ ಅಮೆರಿಕದ್ದಲ್ಲ, ಬೆಂಗಳೂರಿನದೂ ಅಲ್ಲ. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರನ ಬೆಟ್ಟದ್ದು. ಕಂಸಾಳೆಯವರು ಮಾದಪ್ಪನನ್ನು ಹಾಡಿಕೊಂಡು ಮನೆ ಮನೆಯ ಬಾಗಿಲಿಗೆ ಭಿಕ್ಷಕ್ಕೆ ಹೋಗುವ ಸಂಪ್ರದಾಯಕ್ಕೆ ಸೇರಿದ್ದು. ಅದಕ್ಕೆ ಹೊಸ ತಾಳ, ಹೊಸ ಮಾತು, ಕುಣಿತ, ಬೆಳಕು ಎಲ್ಲ ಸೇರಿ ಹೊಸ ಸರಕಾಯಿತು.

ಕೆಲವೇ ದಿನದಲ್ಲಿ ಲಕ್ಷಾಂತರ ಜನ ನೋಡಿದರು. ಜೊತೆಜೊತೆಗೇ ಗದ್ದಲವೂ ಎದ್ದಿತು. ಹಾಡಿನ ಚಿತ್ರದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ಬಗೆ, ಆಕೆಯ ಉಡುಪು, ಆಕೆಯ ಕುಣಿತ ಅಸಭ್ಯವೆಂದು ಮಹದೇಶ್ವರನ ಭಕ್ತರು ಆಕ್ಷೇಪಿಸಿದರು. ಶ್ರೀ ಚಂದನ್ ಶೆಟ್ಟಿಯವರು ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿರಲಿಲ್ಲವೆಂದು ಕ್ಷಮೆ ಕೇಳಿದರು. ಕಂಪೆನಿ ಹಾಡನ್ನು ಯೂಟ್ಯೂಬಿನಿಂದ ತೆಗೆಯಿತು. ಪತ್ರಿಕೆಗಳೂ ಟಿ.ವಿ.ಯವರೂ ಎರಡು ಮೂರು ದಿನ ಅದನ್ನೇ ಜಗಿದು ಬೇರೆ ಸುದ್ದಿಗೆ ಹೋದರು. ಪ್ರಕರಣ ಮುಗಿಯಿತೆಂದು ಎಲ್ಲರೂ ತಿಳಿದರು.

ನಮ್ಮ ದೃಷ್ಟಿಯಲ್ಲಿ ಅದು ಮುಗಿಯಲಿಲ್ಲ. ಸರಿಯಾಗಿ ಶುರುವಾಗಲೇ ಇಲ್ಲ. ಆ ಜಗಳದಲ್ಲಿ ಎರಡೇ ಪಕ್ಷ. ಒಂದು ಕಡೆ ಹಾಡನ್ನು ಮಾರಿದವರು, ಇನ್ನೊಂದು ಕಡೆ ದೇವರ ಮರ್ಯಾದೆ ಹೋಯಿತೆಂದವರು. ಆ ಹಾಡನ್ನು ನೂರಾರು ವರ್ಷ ಬಾಯಲ್ಲಿ ಹೊತ್ತು, ಹೊಟ್ಟೆಗಿದ್ದರೂ ಇಲ್ಲದಿದ್ದರೂ ಬಿಡದೆ ನಮ್ಮ ಕಾಲದ ತನಕ ತಂದು ಮುಟ್ಟಿಸಿದ ಮೂರನೆಯ ಪಕ್ಷವೊಂದು ಇದೆಯೆಂಬುದು ಪಂಚಾಯಿತಿ ಮಾಡಿದವರ ಗಮನಕ್ಕೆ ಬಂದಂತೆ ಕಾಣಲಿಲ್ಲ.

ಮೊದಲು ಸಂಕಮ್ಮನ ಮಾತು. ಮಾದಪ್ಪನ ಕಥೆಯನ್ನು ಕಂಸಾಳೆಯವರು ಸಾಲು ಸಾಲಾಗಿ ಹಾಡುತ್ತಾರೆ; ಅದರಲ್ಲಿ ಸಂಕಮ್ಮನದೇ ಒಂದು ಸಾಲು. ಆಕೆಯ ಗಂಡ ನೀಲೇಗೌಡ ಕಾಡಿಗೆ ಹೊರಟವನು ಹೆಂಡತಿಯ ಮೇಲೆ ಸಂಶಯಪಟ್ಟು, ತಾನು ಬರುವ ತನಕ ನಡತೆ ಕೆಡುವುದಿಲ್ಲವೆಂದು ಭಾಷೆ ಕೊಡು ಎನ್ನುತ್ತಾನೆ. ಆಕೆ ಕೊಡುವುದಿಲ್ಲ. ಆತ ಹಿಂಸೆ ಕೊಟ್ಟು, ಗುಡಿಸಲಿನಲ್ಲಿ ಕೂಡಿಹಾಕಿ ಹೋಗುತ್ತಾನೆ. ಆಗ ಜಂಗಮನ ವೇಷದಲ್ಲಿ ಭಿಕ್ಷಕ್ಕೆ ಬಂದ ಮಹದೇಶ್ವರ ಆಕೆಯನ್ನು ಬಿಡಿಸುತ್ತಾನೆ. ಆಕೆಗೆ ಮಕ್ಕಳ ಫಲ ಕೊಡುತ್ತಾನೆ. ಕಾರಯ್ಯ ಬಿಲ್ಲಯ್ಯ ಹುಟ್ಟಿದ್ದು ಹೀಗೆ. ಅಕ್ಷರ ಬಾರದ ಜನ ಕಟ್ಟಿದ ಈ ಕಥೆಯಲ್ಲಿ, ತಪ್ಪು ಮಾಡದ ಹೆಣ್ಣು ಪ್ರಮಾಣ ಮಾಡಲು ಒಪ್ಪದೆ ನಿಲ್ಲುತ್ತಾಳೆ, ದೇವರು ಅವಳ ಪಕ್ಷ ವಹಿಸುತ್ತಾನೆ. ಅಗ್ನಿಪರೀಕ್ಷೆ ಮಾಡಿಸಿದ ದೊಡ್ಡ ಕಥೆಗಳಿಗಿಂತ ಇದು ನ್ಯಾಯದಲ್ಲಿ ಒಂದು ಗೇಣು ಮುಂದೆಯೇ ಇದೆ.

ಅಂಥ ಹೆಣ್ಣುಮಗಳು ಚಿತ್ರದಲ್ಲಿ ಕುಣಿತದ ಬೊಂಬೆಯಾದದ್ದು ಸರಿಯೆಂದು ನಾವು ಹೇಳುವುದಿಲ್ಲ. ಆದರೆ ಆಕ್ಷೇಪ ಎತ್ತಿದವರ ಮಾತೂ ಆಕೆಯ ಸೀರೆಯ ಅಳತೆಗೇ ನಿಂತಿತು. ಗಂಡನ ಸಂಶಯ, ಕೂಡಿಹಾಕಿದ ಗುಡಿಸಲು, ಆಕೆಯ ಹಟ ಇವನ್ನು ಕುರಿತು ಯಾರೂ ಬೀದಿಗೆ ಬಂದು ಮಾತಾಡಲಿಲ್ಲ. ಭಾಷೆ ಕೇಳುವ ನೀಲೇಗೌಡರು ನಮ್ಮ ಓಣಿಗಳಲ್ಲೂ ಇದ್ದಾರೆ. ರಾತ್ರಿ ಪಾಳಿಗೆ ಹೋಗುವ ಹೆಂಡತಿ ಯಾರ ಜೊತೆ ಮಾತಾಡಿದಳೆಂದು ಫೋನನ್ನು ಕಿತ್ತುಕೊಂಡು ನೋಡುವ ಗಂಡಂದಿರಿಗೆ ಈ ಸಾಲನ್ನು ಒಮ್ಮೆ ಕೂರಿಸಿ ಕೇಳಿಸಬೇಕು. ಬಿರುಸಾಗಿ ಮಾತು ಹೊಡೆಯುವುದೇ ರ‍್ಯಾಪಿನ ಗುಣವಾದರೆ, ಸಂಕಮ್ಮನ ಬಾಯಿಂದ ಆ ಮಾತು ಹೊಡೆಸಬಹುದಿತ್ತು. ಎಂಥ ಹಾಡಾಗುತ್ತಿತ್ತು!

ಇನ್ನು ಕಾಸಿನ ಮಾತು. ಇಂಥ ಹಾಡು ತಯಾರಾಗುವ ಕ್ರಮವನ್ನು ತಿಳಿದುಕೊಂಡರೆ ಯಜಮಾನ ಯಾರೆಂಬುದು ತಾನಾಗಿ ಗೊತ್ತಾಗುತ್ತದೆ. ಬೀಟ್ ಎಂದು ಕರೆಯುವ ತಾಳದ ಕಟ್ಟನ್ನು ಒಬ್ಬನೇ ಕಂಪ್ಯೂಟರಿನ ಮುಂದೆ ಕೂತು ಹೊಸೆಯುತ್ತಾನೆ. ತಬಲದವನು, ಪಿಟೀಲಿನವನು, ಕೊಳಲಿನವನು ಬೇಕೇಬೇಕೆಂದಿಲ್ಲ. ಕೈಮಗ್ಗದವರ ಮೇಲೆ ಮಿಲ್ಲು ಬಂದಾಗ ಆದದ್ದೇ ವಾದ್ಯಗಾರರ ಮೇಲೂ ಆಗಿದೆ. ಹಾಡಿದ ಧ್ವನಿಯ ಓರೆಕೋರೆಯನ್ನೂ ಯಂತ್ರವೇ ತಿದ್ದುತ್ತದೆ. ಇಷ್ಟಕ್ಕೆ ತಗಲುವ ಖರ್ಚು ಸಣ್ಣದು. ದೊಡ್ಡ ಖರ್ಚೆಂದರೆ ಚಿತ್ರದ್ದು: ಕುಣಿಯುವವರು, ಉಡುಪು, ದೀಪ, ಕ್ಯಾಮೆರಾ. ಬಂಡವಾಳ ಹಾಕಿದವನ ಹೆಸರಿಗೆ ಧ್ವನಿಮುದ್ರಣದ ಹಕ್ಕು ಹೋಗುತ್ತದೆ. ನಮ್ಮ ದೇಶದ ೧೯೫೭ರ ಕಾಯಿದೆಯ ಪ್ರಕಾರ ಆ ಹಕ್ಕು ೬೦ ವರ್ಷ ನಿಲ್ಲುತ್ತದೆ. ಆಮೇಲೆ ಬಿಡುಗಡೆ. ಹಿಂದೆ ಕ್ಯಾಸೆಟ್ಟು ಮಾರಬೇಕಾಗಿತ್ತು. ಈಗ ಕೇಳುಗನಿಂದ ಕಾಸು ಬೇಡ, ಅವನ ಕಣ್ಣು ಸಾಕು. ಹಾಡಿನ ಮುಂದೆ ಹಿಂದೆ ಸಾಬೂನು ಬಿಸ್ಕತ್ತಿನ ಜಾಹೀರಾತು ತೋರಿಸಿ ಹಣ ತೆಗೆಯುತ್ತಾರೆ. ಯೂಟ್ಯೂಬಿನ ಸಾಮಾನ್ಯ ಕರಾರಿನಲ್ಲಿ ಹೀಗೆ ಬಂದ ಜಾಹೀರಾತಿನ ನೂರು ರೂಪಾಯಿಯಲ್ಲಿ ೫೫ ಚಾನಲಿನ ಒಡೆಯನಿಗೆ, ೪೫ ಯೂಟ್ಯೂಬಿಗೆ. ಆ ೫೫ರಲ್ಲಿ ಹಾಡಿದವನಿಗೆ ಎಷ್ಟು, ಬರೆದವನಿಗೆ ಎಷ್ಟು ಎಂಬುದು ಅವರವರ ಕರಾರಿಗೆ ಬಿಟ್ಟದ್ದು. ೨೦೧೨ರಲ್ಲಿ ಕಾಯಿದೆಗೆ ತಿದ್ದುಪಡಿ ಬಂದ ಮೇಲೆ ಪದ ಬರೆದವರೂ ರಾಗ ಹಾಕಿದವರೂ ತಮ್ಮ ಗೌರವಧನದ ಪಾಲನ್ನು ಒಮ್ಮೆಗೇ ಮಾರಿಕೊಂಡು ಬರಿಗೈಯಾಗದಂತೆ ಸ್ವಲ್ಪ ರಕ್ಷಣೆ ಸಿಕ್ಕಿತು. ಒಳ್ಳೆಯದೇ ಆಯಿತು.

ಆದರೆ ಕಂಸಾಳೆಯವನು? ಅವನು ಪದ ಬರೆದವನಲ್ಲ, ಕಲಿತವನು. ರಾಗ ಹಾಕಿದವನಲ್ಲ, ಉಳಿಸಿದವನು. ಹಾಡಿನ ಕರ್ತೃ ಇಂಥವನೆಂದು ಕಾಗದದಲ್ಲಿಲ್ಲ. ಆದ್ದರಿಂದ ಕಾನೂನಿನ ಕಣ್ಣಿಗೆ ಅದು ಯಾರ ಸ್ವತ್ತೂ ಅಲ್ಲ. ಯಾರದೂ ಅಲ್ಲದ್ದನ್ನು ಎತ್ತಿಕೊಂಡು ಹೋದವನು ಕಳ್ಳನೂ ಅಲ್ಲ. ಎತ್ತಿಕೊಂಡು ಹೋಗಿ ಸ್ವಲ್ಪ ಬಣ್ಣ ಬಳಿದದ್ದೇ ತಡ, ಬಳಿದಷ್ಟು ಭಾಗ ಅವನ ಸ್ವತ್ತು! ಹೊಲದ ಹತ್ತಿಗೆ ಬೆಲೆಯಿಲ್ಲ, ಜಿನ್ನಿನ ಅರಳೆಗೆ ಬೆಲೆಯಿಲ್ಲ, ಮಿಲ್ಲಿನ ಛಾಪು ಬಿದ್ದ ಬಟ್ಟೆಗೆ ಮಾತ್ರ ಬೆಲೆ ಎಂದಂತೆ ಆಯಿತು. ಹತ್ತಿ ಬೆಳೆದವನಿಗಾದರೂ ಅಷ್ಟೋ ಇಷ್ಟೋ ಧಾರಣೆ ಸಿಗುತ್ತಿತ್ತು.

ಹೆಸರಿನ ವ್ಯಾಪಾರ ನಮ್ಮ ಊರಿಗೆ ಹೊಸದಲ್ಲ. ೧೯೨೮ರ ಸುಮಾರಿನಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ಇಲ್ಲಿ ನಾಟಕದ ಥಿಯೇಟರಿನ ಹತ್ತಿರ ದೋಸೆ ಹುಯ್ದು ಮಾರತೊಡಗಿದರೆಂದೂ, ಆಕೆಯ ಮಕ್ಕಳ ಕಾಲಕ್ಕೆ ಅದು ಬೆಣ್ಣೆದೋಸೆಯಾಯಿತೆಂದೂ ಊರಿನ ಹಿರಿಯರು ಹೇಳುತ್ತಾರೆ. ಇವತ್ತು ಬೆಂಗಳೂರಿನಲ್ಲಿ ಬೀದಿಗೊಂದು ದಾವಣಗೆರೆ ಬೆಣ್ಣೆದೋಸೆ ಬೋರ್ಡು. ಎಷ್ಟೋ ಕಡೆ ದೋಸೆ ಹುಯ್ಯುವವರು ದಾವಣಗೆರೆಯ ರೈಲ್ವೆ ನಿಲ್ದಾಣವನ್ನು ಕೂಡ ಕಂಡವರಲ್ಲ; ಬೆಣ್ಣೆಯ ಮಾತು ಎತ್ತದಿರುವುದೇ ಲೇಸು. ನಾವು ಅದಕ್ಕೆ ಜಗಳ ಹೋಗಲಿಲ್ಲ, ಹೋಗಬೇಕಾದ್ದೂ ಇಲ್ಲ. ದೋಸೆ ಎಲ್ಲರೂ ಹುಯ್ಯಲಿ. ಆದರೆ ಬೋರ್ಡಿನ ಮೇಲೆ ಊರಿನ ಹೆಸರಾದರೂ ಇದೆ. ಹಾಡಿನ ಬೋರ್ಡಿನ ಮೇಲೆ ‘ಜಾನಪದ’ ಎಂದು ನಾಲ್ಕು ಅಕ್ಷರ ಬರೆದರೆ ಋಣ ತೀರಿತು.

ಈ ‘ಜಾನಪದ’ ಎಂಬ ಮಾತು ಎಷ್ಟು ದೊಡ್ಡ ಮೋಸಕ್ಕೆ ಪರದೆಯಾಗಬಲ್ಲದೆಂಬುದಕ್ಕೆ ಆಫ್ರಿಕದ ಸಾಲೊಮನ್ ಲಿಂಡಾನ ಕಥೆಯನ್ನು ಕಾರ್ಮಿಕ ಬಂಧುಗಳು ಕೇಳಬೇಕು. ಝೂಲು ಜನಾಂಗದ ಈ ಬಡವ ಹಳ್ಳಿ ಬಿಟ್ಟು ಜೋಹಾನ್ಸ್‌ಬರ್ಗಿಗೆ ಕೂಲಿಗೆ ಬಂದ. ಸಿಕ್ಕಿದ್ದು ಗ್ಯಾಲೋ ಎಂಬ ಗ್ರಾಮಾಫೋನ್ ಕಂಪೆನಿಯಲ್ಲಿ ತಟ್ಟೆ ಕಟ್ಟಿಡುವ ಕೆಲಸ. ೧೯೩೯ರಲ್ಲಿ ಅದೇ ಕಂಪೆನಿ ಅವನ ಮೇಳದಿಂದ ‘ಎಂಬೂಬೆ’ ಎಂಬ ಹಾಡನ್ನು ತುಂಬಿಸಿಕೊಂಡಿತು. ಹಾಡು ಅವನೇ ಕಟ್ಟಿದ್ದು. ಕೈಗೆ ಬಂದದ್ದು ಹತ್ತು ಷಿಲಿಂಗು. ತಟ್ಟೆ ಸಮುದ್ರ ದಾಟಿ ಅಮೆರಿಕಕ್ಕೆ ಹೋಯಿತು. ಅಲ್ಲಿಯವರು ಅದನ್ನು ಆಫ್ರಿಕದ ಕಾಡಿನ ಹಾಡೆಂದು ತಿಳಿದು ಹಾಡಿದರು. ೧೯೬೧ರಲ್ಲಿ ಇಂಗ್ಲಿಷ್ ಮಾತು ಹಾಕಿ ಸಿಂಹ ಮಲಗಿದೆಯೆಂಬ ಹೆಸರಿನಲ್ಲಿ ಬಿಟ್ಟಾಗ ಜಗತ್ತೇ ಗುನುಗಿತು. ಮರುವರ್ಷ, ೧೯೬೨ರಲ್ಲಿ, ಲಿಂಡಾ ಬಡತನದಲ್ಲೇ ಸತ್ತ. ೧೯೯೪ರಲ್ಲಿ ಡಿಸ್ನಿ ಕಂಪೆನಿಯ ಸಿಂಹದ ಸಿನಿಮಾದಲ್ಲಿ ಅದೇ ಹಾಡು ಕೇಳಿಸಿತು. ಅವನ ಹೆಣ್ಣುಮಕ್ಕಳು ಕೋರ್ಟಿಗೆ ಹೋದ ಮೇಲೆ ೨೦೦೬ರಲ್ಲಿ ರಾಜಿಯಾಗಿ ಅಷ್ಟಿಷ್ಟು ಪಾಲು ಬಂತು. ತಾನು ಹಾಡಿದ ತಟ್ಟೆಯನ್ನು ತಾನೇ ರಟ್ಟಿನ ಪೆಟ್ಟಿಗೆಗೆ ಕಟ್ಟಿ ಕೂಲಿ ಎಣಿಸಿಕೊಂಡವನ ಕಥೆ ಇದು. ತಾನು ನೇಯ್ದ ಬಟ್ಟೆಯನ್ನು ಕೊಳ್ಳಲಾರದ ನೇಕಾರನ ಕಥೆಗೂ ಇದಕ್ಕೂ ದೂರವಿಲ್ಲ.

ರ‍್ಯಾಪಿನವರೇ ಇದನ್ನು ಮೊದಲು ತಿಳಿಯಬೇಕಾದವರು. ಅಮೆರಿಕದಲ್ಲಿ ಮೊತ್ತಮೊದಲು ದೊಡ್ಡ ಮಾರಾಟ ಕಂಡ ರ‍್ಯಾಪ್ ತಟ್ಟೆ ೧೯೭೯ರ ‘ರ‍್ಯಾಪರ್ಸ್ ಡಿಲೈಟ್’. ಅದರ ತಾಳದ ಅಡಿಪಾಯ ‘ಷಿಕ್’ ಎಂಬ ಬೇರೊಂದು ಮೇಳದ ಹಾಡಿನದು. ಆ ಮೇಳದ ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಎಂಬಿಬ್ಬರು ದಾವೆ ಹೂಡುತ್ತೇವೆಂದು ಎದ್ದು ನಿಂತ ಮೇಲೆ ಅವರ ಹೆಸರು ತಟ್ಟೆಯ ಮೇಲೆ ಬಂತು, ಪಾಲೂ ಬಂತು. ಅವರಿಗೆ ವಕೀಲರಿದ್ದರು, ಅಚ್ಚಾದ ಹೆಸರಿತ್ತು. ಕಂಸಾಳೆಯವರಿಗೆ ಎರಡೂ ಇಲ್ಲ. ಎರವಲು ತರುವುದು ರ‍್ಯಾಪಿನ ಹುಟ್ಟುಗುಣ. ಹೆಸರು ಕೊಟ್ಟು ಪಾಲು ಕೊಟ್ಟು ತರುವುದನ್ನು ಅದು ಬಡಿದಾಟದಿಂದ ಕಲಿಯಿತು.

ಇಲ್ಲಿ ನಮ್ಮವರಲ್ಲೇ ಕೆಲವರು, ಅಷ್ಟೆಲ್ಲ ತಾಪತ್ರಯವೇಕೆ, ಕಂಸಾಳೆಯವರದನ್ನು ಕಂಸಾಳೆಯವರೇ ಹಾಡಲಿ, ಬೇರೆಯವರು ಮುಟ್ಟಬಾರದೆಂದು ಕಾನೂನು ಮಾಡಲಿ ಎನ್ನುತ್ತಾರೆ. ಇದನ್ನು ನಾವು ಒಪ್ಪುವುದಿಲ್ಲ. ೧೯೫೧ರಲ್ಲಿ ಕಾಗೋಡಿನ ರೈತರು ಎದ್ದಾಗ ಉಳುವವನೇ ಹೊಲದೊಡೆಯ ಎಂಬ ಮಾತು ನಮ್ಮ ಪಕ್ಕದ ಜಿಲ್ಲೆಯಲ್ಲೇ ಮೊಳಗಿತು. ನ್ಯಾಯದ ಮಾತು. ಆದರೆ ಹೊಲಕ್ಕೂ ಹಾಡಿಗೂ ಒಂದು ವ್ಯತ್ಯಾಸವುಂಟು. ಒಂದು ಎಕರೆಯನ್ನು ಒಬ್ಬ ಉತ್ತರೆ ಇನ್ನೊಬ್ಬ ಉಳಲಾರ. ಹಾಡು ಹಾಗಲ್ಲ, ದಾವಣಗೆರೆಯ ಹುಡುಗ ಕಲಿತು ಹಾಡಿದನೆಂದು ಬೆಟ್ಟದವನ ಬಾಯಿ ಬಡವಾಗುವುದಿಲ್ಲ. ಬೇಲಿ ಹಾಕಿದರೆ ಹಾಡೇ ಒಣಗುತ್ತದೆ. ೧೯೯೬ರ ‘ಜನುಮದ ಜೋಡಿ’ ಸಿನಿಮಾವನ್ನೇ ನೋಡಿ. ಕಥೆ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯದು, ನಿರ್ದೇಶನ ಶ್ರೀ ನಾಗಾಭರಣರದು, ಸಂಗೀತ ಶ್ರೀ ವಿ. ಮನೋಹರರದು. ಅದರಲ್ಲಿ ಇದೇ ಕೋಲುಮಂಡೆಯನ್ನು ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯಪ್ರಶಸ್ತಿ ಬಂತು. ಮಾದಪ್ಪನ ಬೆಟ್ಟವನ್ನು ಎಂದೂ ಹತ್ತದ ನಮ್ಮ ಕಡೆಯ ಜನ ಆ ಹಾಡನ್ನು ತಮ್ಮದು ಮಾಡಿಕೊಂಡದ್ದು ಆಗಲೇ. ಸಿನಿಮಾ ಮುಟ್ಟಬಾರದಾಗಿತ್ತೆಂದು ಯಾರು ಹೇಳಿಯಾರು? ೨೦೧೭ರಲ್ಲಿ ತೀರಿಕೊಂಡ ಶಾಸ್ತ್ರಿಯವರ ಕಂಠಕ್ಕೆ ಆ ಪ್ರಶಸ್ತಿ ಸಲ್ಲತಕ್ಕದ್ದೇ. ನಮ್ಮ ತಕರಾರು ಹಾಡಿದ್ದಕ್ಕಲ್ಲ. ಬೇರಿಗೆ ಒಂದು ತಂಬಿಗೆ ನೀರು ಹೊಯ್ಯಬೇಕೆಂಬ ಕಟ್ಟಳೆ ಆಗಲೂ ಇರಲಿಲ್ಲ, ಈಗಲೂ ಇಲ್ಲ ಎಂಬುದಕ್ಕೆ.

ಅಂಥ ಕಟ್ಟಳೆ ಸಾಧ್ಯವೇ ಎಂದರೆ, ಸಾಧ್ಯ. ಆಫ್ರಿಕದ ಘಾನಾ ದೇಶ ೨೦೦೫ರ ತನ್ನ ಕಾಯಿದೆಯಲ್ಲಿ ಜನಪದದ ಹಾಡು, ಕಥೆ, ಕಸೂತಿಗಳ ಹಕ್ಕನ್ನು ಇಡೀ ದೇಶದ ಪರವಾಗಿ ರಾಷ್ಟ್ರಾಧ್ಯಕ್ಷರ ಹೆಸರಿನಲ್ಲಿ ಇರಿಸಿತು. ವ್ಯಾಪಾರಕ್ಕಾಗಿ ಬಳಸುವವನು ಅಪ್ಪಣೆ ಪಡೆದು ಶುಲ್ಕ ಕಟ್ಟಬೇಕು. ಆ ಕ್ರಮದಲ್ಲಿ ನಮಗೆ ಒಂದು ಅಳುಕಿದೆ. ದುಡ್ಡು ರಾಜಧಾನಿಯ ಖಜಾನೆಗೆ ಹೋದರೆ ಹಾಡುವವನ ಗುಡಿಸಲಿನ ತನಕ ಬರುವ ದಾರಿ ಬಹಳ ಉದ್ದ. ನಡುವೆ ಕೈಗಳೂ ಬಹಳ. ಆದರೆ ಹಾಡಿಗೆ ಕಂದಾಯ ಹಾಕಲಾಗದು ಎಂಬ ವಾದ ಮಾತ್ರ ಬಿದ್ದುಹೋಯಿತು. ಜಿನೀವಾದಲ್ಲಿ ೨೦೨೪ರ ಮೇ ತಿಂಗಳು ದೇಶಗಳೆಲ್ಲ ಕೂಡಿ ಗಿಡಮೂಲಿಕೆ, ತಳಿ, ಅವುಗಳ ಬಗ್ಗೆ ಬುಡಕಟ್ಟು ಜನರಿಗಿರುವ ತಿಳಿವಳಿಕೆ ಇವನ್ನು ಕುರಿತು ಒಂದು ಒಪ್ಪಂದ ಮಾಡಿಕೊಂಡುವು. ಪೇಟೆಂಟ್ ಕೇಳುವವನು ಮೂಲವನ್ನು ಹೇಳಲೇಬೇಕು. ಹಾಡಿಗೆ ಅದರಲ್ಲಿ ಜಾಗ ಸಿಗಲಿಲ್ಲ. ಬೇರಿಗೆ ಇರುವ ಮರ್ಯಾದೆ ನಾಲಗೆಗೆ ಇನ್ನೂ ಬಂದಿಲ್ಲ.

ನಮ್ಮ ಕಾಯಿದೆಯಲ್ಲಿ ಒಂದು ಹಿಡಿಕೆಯುಂಟು. ಅದನ್ನು ಬಹಳ ಜನ ಅರಿಯರು. ಹಾಡು ಯಾರದಾದರೂ ಇರಲಿ, ಯಾರ ಕಂಠವನ್ನು ಯಂತ್ರದಲ್ಲಿ ತುಂಬಿಸಿಕೊಂಡರೋ ಅವರಿಗೆ ಹಾಡಿದವರೆಂಬ ಹಕ್ಕು ೫೦ ವರ್ಷ ಇರುತ್ತದೆ. ೨೦೧೨ರ ತಿದ್ದುಪಡಿಯ ತರುವಾಯ ಹಾಡಿದವರೆಂದು ಹೆಸರು ಹಾಕಿಸಿಕೊಳ್ಳುವ ಹಕ್ಕೂ, ವ್ಯಾಪಾರಕ್ಕೆ ಬಳಸಿದಾಗ ಪಾಲು ಪಡೆಯುವ ಹಕ್ಕೂ ಅದರೊಳಗೇ ಸೇರಿದುವು. ಕಂಸಾಳೆಯವನ ದನಿಯನ್ನೇ ಹಾಡಿನಲ್ಲಿ ಸೇರಿಸಿದರೆ ಅವನು ಕೈ ಚಾಚಿ ಕೇಳಬಹುದು. ಕೇಳಿ ಕಲಿತು ಬೇರೊಬ್ಬರು ಹಾಡಿದರೆ ಕೇಳುವಂತಿಲ್ಲ. ಬುದ್ಧಿವಂತ ಕಂಪೆನಿ ಎರಡನೆಯ ದಾರಿಯನ್ನೇ ಹಿಡಿಯುತ್ತದೆಂದು ವ್ಯಾಪಾರ ಬಲ್ಲ ನಮ್ಮ ವಾಚಕರಿಗ ಹೇಳಬೇಕೆ?

ಹೆಸರು ಕೊಡುವುದು ಹೇಗೆಂಬುದಕ್ಕೂ ಮೇಲ್ಪಂಕ್ತಿ ಹಾಕಿದವರು ನಮ್ಮಲ್ಲೇ ಇದ್ದಾರೆ. ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ ಮಾದೇಶ್ವರನ ಮಹಾಕಾವ್ಯವನ್ನು ಶ್ರೀ ಕೆ. ಕೇಶವನ್ ಪ್ರಸಾದರು ಸಂಗ್ರಹಿಸಿದರು. ಶ್ರೀ ಸಿ.ಎನ್. ರಾಮಚಂದ್ರನ್, ಶ್ರೀ ಎಲ್.ಎನ್. ಭಟ್ ಅವರು ಅದನ್ನು ಇಂಗ್ಲಿಷಿಗೆ ತಂದರು. ಸಾಹಿತ್ಯ ಅಕಾಡೆಮಿ ೨೦೦೧ರಲ್ಲಿ ಅಚ್ಚುಹಾಕಿತು. ಹಾಡಿದವರು ಹೆಬ್ಬಣಿ ಮಾದಯ್ಯ ಎಂದು ಪುಸ್ತಕ ಸಾರಿ ಹೇಳುತ್ತದೆ. ವಿದ್ವಾಂಸರಿಗೆ ಆದದ್ದು ವ್ಯಾಪಾರಿಗಳಿಗೆ ಆಗದೇಕೆ?

ನಾವು ಕೇಳುವುದು ಅಸಾಧ್ಯವಾದದ್ದೇನೂ ಅಲ್ಲ. ಇಂಥ ಹಾಡನ್ನು ವ್ಯಾಪಾರಕ್ಕೆ ಇಳಿಸುವ ಕಂಪೆನಿ, ಅದು ಯಾವ ಸೀಮೆಯ ಯಾವ ಮೇಳದವರಿಂದ ಬಂತೆಂದು ಹಾಡಿನ ಹೆಸರಿನ ಪಕ್ಕದಲ್ಲೇ ಕಾಣುವಂತೆ ಬರೆಯಲಿ. ಬಂದ ಹಣದಲ್ಲಿ ನೂರಕ್ಕೆ ಇಂತಿಷ್ಟೆಂದು ಕಂಸಾಳೆ, ನೀಲಗಾರ, ಗೊರವ, ಗೀಗೀ ಮೇಳಗಳ ಕ್ಷೇಮನಿಧಿಗೆ ಕಟ್ಟಲಿ. ಎಷ್ಟೆಂಬುದನ್ನು ಕಂಪೆನಿಯವರೂ ಕಲಾವಿದರೂ ಎದುರುಬದುರು ಕೂತು ತೀರ್ಮಾನಿಸಲಿ. ಕೂಲಿಯ ಒಪ್ಪಂದ ಮಾಡಿದಂತೆ. ನಿಧಿಯ ಲೆಕ್ಕ ಸರ್ಕಾರದ ಜಾನಪದ ಅಕಾಡೆಮಿಯಲ್ಲಿರಲಿ, ಖರ್ಚಿನ ಅಧಿಕಾರದಲ್ಲಿ ಮೇಳದವರೇ ಹೆಚ್ಚು ಮಂದಿ ಇರಲಿ. ಮಹದೇಶ್ವರನ ಕ್ಷೇತ್ರಕ್ಕೆ ೨೦೧೩ರಿಂದ ಪ್ರತ್ಯೇಕ ಅಭಿವೃದ್ಧಿ ಪ್ರಾಧಿಕಾರವೇ ಇದೆ. ಅಲ್ಲಿ ಹುಂಡಿ ಎಣಿಸಿದಾಗ ಕೋಟಿಗಟ್ಟಲೆ ಬರುತ್ತದೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಆ ಹುಂಡಿ ತುಂಬುವಷ್ಟು ಮಾದಪ್ಪನ ಹೆಸರನ್ನು ಊರೂರಿಗೆ ಹೊತ್ತು ಸಾರಿದವರು ಕಂಸಾಳೆ ಹಿಡಿದು ಬೀದಿ ಅಲೆದವರಲ್ಲವೆ? ಅವರ ಮಕ್ಕಳು ಆ ವಿದ್ಯೆಯನ್ನು ಕಲಿಯಲು ಅಲ್ಲಿಂದಲೂ ಒಂದು ಪಾಲು ಬರಬೇಕು. ೨೦೨೦ರಲ್ಲಿ ಸಂಕಮ್ಮನ ಉಡುಪಿಗಾಗಿ ಸಿಟ್ಟಾದ ಭಕ್ತರು ಇದಕ್ಕಾಗಿಯೂ ಅಷ್ಟೇ ಸಿಟ್ಟಾದರೆ ನಾವು ಅವರ ಜೊತೆಗೆ ನಿಲ್ಲುತ್ತೇವೆ.

ಕಡೆಯದಾಗಿ ನಮ್ಮ ಊರಿನ ತರುಣರಿಗೆ ಒಂದು ಮಾತು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವವರ ಮಕ್ಕಳು, ಬೀಗ ಬಿದ್ದ ಕಾಟನ್ ಮಿಲ್ಲುಗಳಲ್ಲಿ ಪಾಳಿ ಮಾಡಿದವರ ಮೊಮ್ಮಕ್ಕಳು, ಹರಿಹರದಲ್ಲಿ ಕಾರ್ಖಾನೆ ಮುಚ್ಚಿ ಮನೆಗೆ ಬಂದವರ ಮಕ್ಕಳು ಫೋನಿನಲ್ಲೇ ಹಾಡು ತುಂಬಿಸುವ ಕಾಲ ಇದು. ಸಂತೋಷದ ಸಂಗತಿ. ಭಟ್ಟಿಯ ಬಿಸಿಯನ್ನು ಹಾಡಬಲ್ಲವರು ಬೆಂಗಳೂರಿನಿಂದ ಬರಲಾರರು. ಅಜ್ಜಿಯ ಸೋಬಾನೆಯನ್ನೋ, ಪಕ್ಕದ ಹಳ್ಳಿಯ ಗೀಗೀ ಪದವನ್ನೋ ಹಾಡಿನಲ್ಲಿ ಸೇರಿಸುವ ಮುಂಚೆ ಅದನ್ನು ಹೇಳಿಕೊಟ್ಟವರ ಹತ್ತಿರ ಹೋಗಿ ಕೂತು, ಒಂದು ಹಾಳೆಯ ಮೇಲೆ ಅವರ ಹೆಸರು, ಊರು, ಯಾರಿಂದ ಕಲಿತರು, ಹಾಡಿಗೆ ಹಣ ಬಂದರೆ ಅವರ ಪಾಲೆಷ್ಟು ಎಂಬುದನ್ನು ಬರೆದು ಇಬ್ಬರೂ ರುಜು ಹಾಕಿರಿ. ರುಜು ಬಾರದಿದ್ದರೆ ಹೆಬ್ಬೆಟ್ಟು ಸಾಕು. ಒಂದು ಪ್ರತಿ ಅವರ ಕೈಯಲ್ಲಿರಲಿ. ಅದೇ ಕೈಯಿಂದ, ಕಂಪೆನಿಯವರು ನಿಮ್ಮ ಮುಂದೆ ನೀಡುವ ಕಾಗದವನ್ನೂ ರುಜು ಹಾಕುವ ಮೊದಲು ಕಡೆಯ ಸಾಲಿನ ತನಕ ಓದಿರಿ. ಅರ್ಥವಾಗದಿದ್ದರೆ ನಮ್ಮ ಕಚೇರಿಗೆ ತನ್ನಿರಿ, ಕೂತು ಓದೋಣ.